ನೆತ್ತರ ನಂಜು, ಹಿತ್ತಲ ಸೇಡು

ಅವತ್ತು ಮಾಡಿದ ಕೆಲಸಗಳು ಇವು. ಬೆಳಕು ಹರಿಯುವ ಮೊದಲೇ ಓಣಿಯ ಹೆಂಗಸರ ಜೊತೆ ಗುಡ್ಡದ ಕೆಳಗಿನ ಜಾಲಿಕಂಟಿಯ ಕಡೆಗೆ ಹೋಗಿ ಬಂದೆ. ಅಂಗಳ ಗುಡಿಸಿ ಸಗಣಿ ನೀರು ಹಾಕಿದೆ. ನಳದ ನೀರು ಹಿಡಿದು ಕೊಡಗಳನ್ನು ಸಾಲಾಗಿ ಇಟ್ಟೆ. ರೊಟ್ಟಿ ಬಡಿದು ಪುಂಡಿಪಲ್ಲೆ ಮಾಡಿದೆ. ಮಗ್ಗದ ಹಾಸಿನಲ್ಲಿ ಹರಿದಿದ್ದ ಎಳೆಗಳನ್ನು ಕೆಚ್ಚಿದೆ, ಅಂದರೆ ತುದಿಗೆ ತುದಿ ಹೊಸೆದು ಕೂಡಿಸಿದೆ. ಮಗಳು ಸಾವಿತ್ರಿ ಲಾಳಿಗೆಂದು ನೂಲು ಸುತ್ತಿಟ್ಟ ಕಂಡಿಕೆಗಳನ್ನು ನೆನೆಸಿದೆ. ಆಮೇಲೆ ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಕುಳಿತವಳು ಸಂಜೆಯವರೆಗೂ ಸೆರಗು ನೇಯ್ದೆ. ಮಾಡದೆ ಬಿಟ್ಟ ಕೆಲಸ ಒಂದೇ: ನೀರು ಕುಡಿಯಲಿಲ್ಲ.

ಮರೆತು ಬಿಟ್ಟದ್ದಲ್ಲ. ನೀರು ಕುಡಿದರೆ ಏಳಬೇಕಾಗುತ್ತದೆ. ಎದ್ದರೆ ಹೋಗಲು ಜಾಗವಿಲ್ಲ. ಗಜೇಂದ್ರಗಡದ ನಮ್ಮ ಓಣಿಯಲ್ಲಿ ಆಗ ಹೆಂಗಸರು ಹೊರಗೆ ಹೋಗುತ್ತಿದ್ದದ್ದು ಎರಡೇ ಹೊತ್ತು, ಸೂರ್ಯ ಹುಟ್ಟುವ ಮೊದಲು ಮತ್ತು ಮುಳುಗಿದ ಮೇಲೆ. ನಡುವಿನ ಹೊತ್ತನ್ನು ತಡೆದುಕೊಳ್ಳಬೇಕು. ತಡೆಯುವುದು ಸುಲಭವಾಗಲಿ ಎಂದು ಬಾಯಿ ಒಣಗಿಸಿಕೊಂಡು ಕೂರುವುದನ್ನು ನನ್ನ ಅತ್ತೆ ನನಗೆ ಕಲಿಸಿದ್ದರು. ನಾನು ಮಗಳಿಗೆ ಕಲಿಸುತ್ತಿದ್ದೆ. ಗಂಡಸರಿಗೆ ಈ ತಾಪತ್ರಯವಿಲ್ಲ. ಅವರಿಗೆ ಇಡೀ ಊರೇ ಹಿತ್ತಲು.

ಹಾಗಂತ ನಮಗೆ ಹಿತ್ತಲು ಇರಲಿಲ್ಲವೆಂದಲ್ಲ. ಚಲೋ ಅಗಲವಾದ ಹಿತ್ತಲಿತ್ತು. ನಮ್ಮದು ಅಣ್ಣತಮ್ಮಂದಿರ ಕೂಡು ಮನೆ. ಭಾವ ಈರಪ್ಪನವರು, ಅವರ ಹೆಂಡತಿ ಗೌರಕ್ಕ, ನಮ್ಮವರು, ನಾನು, ಸಾವಿತ್ರಿ. ಪಡಸಾಲೆಯಲ್ಲಿ ಎರಡು ಮಗ್ಗ. ಹಿತ್ತಲಲ್ಲಿ ಒಂದು ಕಕ್ಕಸು ಕಟ್ಟಿಸೋಣ ಎಂದು ನಮ್ಮವರ ಬಾಯಿಂದ ನಾನು ಎಷ್ಟೋ ಸಲ ಕೇಳಿಸಿದ್ದೆ. ಭಾವನ ಎದುರು ನೇರವಾಗಿ ಮಾತಾಡುವ ರೂಢಿ ನಮ್ಮಲ್ಲಿಲ್ಲ. ಬಾಗಿಲ ಮರೆಯಲ್ಲಿ ನಿಂತು ಉತ್ತರ ಕೇಳಿಸಿಕೊಳ್ಳಬೇಕು. ಉತ್ತರ ಪ್ರತಿ ಸಲವೂ ಒಂದೇ.

“ಹಿತ್ತಲದಾಗ ಇರೂದು ದೇವರ ಖೋಲಿ ಗ್ವಾಡಿ. ದೇವರ ಬೆನ್ನಿಗೆ ಹೇಸಿಗಿ ಕಟ್ಟತೀಯೇನೋ? ನಮ್ಮವ್ವ ಹೋಗಲಿಲ್ಲ ಬಯಲಿಗೆ? ಇವ್ರೇನು ಪಾಳೇಗಾರ್ರ ಮನಿಯಿಂದ ಬಂದಾರ?”

ನಾನು ಬಂದದ್ದು ನರಗುಂದದಿಂದ. ನನ್ನ ತವರಿನಲ್ಲಿ ಕಕ್ಕಸು ಇತ್ತು. ಪಾಳೇಗಾರರಾಗಿರಲಿಲ್ಲ, ಜೋಳದ ವ್ಯಾಪಾರದವರು, ಅಷ್ಟೇ.

ಆ ದಿನ ಸಂಜೆ ಸೆರಗು ಮುಗಿಯುವ ಹೊತ್ತಿಗೆ ನನಗೆ ನಡುಕ ಹತ್ತಿತು. ಲಾಳಿ ಕೈಯಿಂದ ಜಾರಿತು. ಬೆನ್ನಿನ ಬಲಗಡೆ ಯಾರೋ ಗೂಟ ಬಡಿದಂತೆ ನೋವು. ಒಂದಕ್ಕೆ ಹೋದಾಗಿನ ಉರಿಯಂತೂ ಮೊದಲಿನಿಂದಲೂ ಇತ್ತು. ಅದನ್ನು ಹೆಂಗಸರು ಯಾರ ಮುಂದೆ ಹೇಳುತ್ತಾರೆ? ನೇಕಾರರ ಮನೆಗಳಲ್ಲಿ ಇಂಥ ನಡುಕಕ್ಕೆ, ಸೊಂಟನೋವಿಗೆ ಒಂದು ಹೆಸರಿದೆ, ಕುಣಿತಂಪು. ಮಗ್ಗದ ಕುಣಿಯ ತೇವ ಅಂಗಾಲಿನಿಂದ ಏರಿ ಸೊಂಟದಲ್ಲಿ ಕೂರುತ್ತದೆ ಎನ್ನುತ್ತಾರೆ. ಅದಕ್ಕೆ ಮದ್ದೆಂದರೆ ಉಸುಕು ಹುರಿದು ಅರಿವೆಯಲ್ಲಿ ಕಟ್ಟಿ ಶಾಖ ಕೊಡುವುದು. ನೀರು ಮಾತ್ರ ಕೊಡಬಾರದು. ನೀರು ತಂಪು.

ಭಾವನವರು ಹೊಸ್ತಿಲಲ್ಲೇ ನಿಂತು ತೀರ್ಪು ಕೊಟ್ಟರು. “ಕುಣಿತಂಪು ಅದ. ಉಸುಕಿನ ಶಾಖ ಕೊಡ್ರಿ, ನೀರು ಕೊಡಬ್ಯಾಡ್ರಿ. ಸಂತಿ ಹೊತ್ತಿಗೆ ಎದ್ದು ಕುಂದರತಾಳ.”

ನಮ್ಮವರು ದವಾಖಾನೆಗೆ ಒಯ್ಯುವ ಮಾತೆತ್ತಿದರು. “ನೇಕಾರ್ರ ಹೆಂಗಸಿಗೆ ಕುಣಿತಂಪು ಬಂದ್ರ ದವಾಖಾನಿಗೆ ಒಯ್ದವರ್ನ ನೋಡೀಯೇನು?” ಎಂದರು ಭಾವ. ಅಣ್ಣನ ಮಾತು ಮೀರಿ ನಮ್ಮವರಿಗೆ ಗೊತ್ತಿಲ್ಲ. ಗೌರಕ್ಕ ಉಸುಕು ಹುರಿದಳು. ಕೌದಿಯ ಮೇಲೆ ಕೌದಿ ಹೊದಿಸಿದರು. ರಾತ್ರಿ ಕಳೆದು ಮರುದಿನವೂ ಶಾಖ ಕೊಟ್ಟರು. ನಾನು ನೀರು ಕೇಳಿದೆ. ಗೌರಕ್ಕ ಯಾರೂ ಇಲ್ಲದಾಗ ಸೆರಗು ತೋಯಿಸಿ ತುಟಿಗೆ ಒತ್ತಿದಳು. ಅಷ್ಟು ನೆನಪಿದೆ.

ನನ್ನ ಜೀವ ಉಳಿದದ್ದು ಪಕ್ಕದ ಮನೆಯ ಹಸೀನಾಬಿಯಿಂದ. ಮೊಸರಿನ ಹೆಪ್ಪು ಕೇಳಲು ಬಂದವಳು ಕೌದಿ ಸರಿಸಿ ನನ್ನ ಕೈ ಮುಟ್ಟಿದಳು. ಕೈ ತಣ್ಣಗೆ, ಮೊಣಕಾಲ ಮೇಲೆ ನೀಲಿ ನೀಲಿ ಮಚ್ಚೆ. ನಾನು ಅವಳನ್ನು ನೋಡಿ “ಅವ್ವಾ, ಕಂಡಿಕೆ ತಗದಿಡು” ಎಂದೆನಂತೆ.

“ಇಕೀ ಒಂದಕ್ಕ ಹೋಗಿ ಎಷ್ಟು ಹೊತ್ತಾತು?” ಎಂದು ಹಸೀನಾಬಿ ಕೇಳಿದಳು.

ಯಾರಿಗೂ ಗೊತ್ತಿರಲಿಲ್ಲ. ನಿನ್ನೆಯಿಂದ ಇಲ್ಲ ಎಂದು ಸಾವಿತ್ರಿ ಅಳುತ್ತಾ ಹೇಳಿದಳು. ಆಗ ಹಸೀನಾಬಿ ಪಡಸಾಲೆಗೆ ಬಂದು, ತಲೆಯ ಮೇಲಿನ ಸೆರಗು ಜಾರಿದ್ದನ್ನೂ ನೋಡದೆ, ಭಾವನ ಮುಂದೆ ನಿಂತು ಕೂಗಿದಳಂತೆ:

“ಏ ಈರಪ್ಪಣ್ಣ! ಉಸುಕಿನ್ಯಾಗ ಶೇಂಗಾ ಹುರೀತಾರ, ಮನಷ್ಯಾರ್ನ ಅಲ್ಲ! ನಮ್ಮವ್ರ ಟೆಂಪೋ ಬಾಗ್ಲಾಗ ನಿಂತೈತಿ. ಎತ್ತತೀರೋ, ನಾನ ಹೊತಗೊಂಡ ಹೋಗ್ಲೋ?”

ಅವಳ ಗಂಡ ದಾದಾಪೀರ ಟೆಂಪೋದಲ್ಲಿದ್ದ ಉಳ್ಳಾಗಡ್ಡಿ ಚೀಲಗಳನ್ನು ರಸ್ತೆಯ ಮೇಲೇ ಇಳಿಸಿ ನನ್ನನ್ನು ಹಾಕಿಕೊಂಡ. ರೋಣದ ದವಾಖಾನೆಯಲ್ಲಿ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿದರು. ಬಿಚ್ಚಿ ಇನ್ನೊಂದು ತೋಳಿಗೆ ಸುತ್ತಿದರು. ಯಂತ್ರ ಕೆಟ್ಟಿದೆ ಎಂದು ಬೇರೆ ಯಂತ್ರ ತರಿಸಿದರು. ಯಂತ್ರ ಕೆಟ್ಟಿರಲಿಲ್ಲ.

“ಬಿಪಿನ ಸಿಗವಲ್ದು. ರಕ್ತಕ್ಕ ನಂಜು ಏರೇತಿ. ಸಲಾಯಿನ್ ಹಚ್ಚಿ, ಒಂದು ಇಂಜೆಕ್ಷನ್ ಕೊಟ್ಟು ಬಿಡ್ತೇನಿ. ಎಲ್ಲೂ ನಿಲ್ಲಿಸಬ್ಯಾಡ್ರಿ, ಹುಬ್ಬಳ್ಳಿಗೆ ನಡೀರಿ,” ಎಂದರು.

ನರಗುಂದದಲ್ಲಿ ಮಾತ್ರ ನಿಲ್ಲಿಸಿದರು. ಬಸ್ ಸ್ಟ್ಯಾಂಡಿನ ಎದುರು ಸುದ್ದಿ ತಿಳಿದು ನನ್ನ ಅಣ್ಣ ಕಾಯುತ್ತಿದ್ದ. ಅವನು ಹತ್ತಿ ಸಲಾಯಿನ್ ಬಾಟಲಿಯನ್ನು ಸಾವಿತ್ರಿಯ ಕೈಯಿಂದ ಇಸಿದುಕೊಂಡು ಮೇಲೆತ್ತಿ ಹಿಡಿದ. ಟೆಂಪೋದ ಮೂಲೆಯಲ್ಲಿ ಭಾವನವರು ಕುಳಿತಿದ್ದರು. ಹಿರಿಯರಲ್ಲವೇ, ಬಾರದಿದ್ದರೆ ಮಂದಿ ಏನಂದಾರು.

ಐಸಿಯುನಲ್ಲಿ ಮೊದಲ ದಿನಗಳ ನೆನಪು ನನಗೆ ತುಂಡು ತುಂಡಾಗಿದೆ. ಗಂಟಲಲ್ಲಿ ಉಸಿರಿನ ನಳಿಗೆ. ಕತ್ತಿನಲ್ಲಿ ಒಂದು ಸೂಜಿ, ಮಣಿಕಟ್ಟಿನಲ್ಲಿ ಇನ್ನೊಂದು. ಮಣಿಕಟ್ಟಿನದು ಔಷಧಿಗಲ್ಲ, ಎದೆ ಬಡಿದಂತೆಲ್ಲ ರಕ್ತದ ಒತ್ತಡ ಎಷ್ಟಿದೆ ಎಂದು ಪರದೆಯ ಮೇಲೆ ತೋರಿಸಲಿಕ್ಕೆ. ಪರದೆಯಲ್ಲಿ ಕೆಂಪು ಗೆರೆಯೊಂದು ಓಡುತ್ತಿತ್ತು. ನನಗೆ ಅದು ಹೊಕ್ಕಿನ ನೂಲಿನಂತೆ ಕಂಡಿತು. ಯಾರೋ ನನ್ನ ಮಗ್ಗದಲ್ಲಿ ಕುಳಿತು ಸಡಿಲವಾಗಿ ನೇಯುತ್ತಿದ್ದಾರೆ, ಸೀರೆ ಕೆಡುತ್ತದೆ, ಎಬ್ಬಿಸಬೇಕು ಎಂದು ಒದ್ದಾಡಿದೆ. ನಳಿಗೆ ಕಿತ್ತುಕೊಳ್ಳುತ್ತೇನೆಂದು ಕೈಗಳನ್ನು ಮಂಚಕ್ಕೆ ಮೆತ್ತಗಿನ ಪಟ್ಟಿಯಿಂದ ಕಟ್ಟಿದರು. ಮಗ್ಗದಲ್ಲಿ ಕುಳಿತವರ ಮುಖ ಭಾವನವರದೇ ಆಗಿತ್ತು.

ಇಂಥ ಹೊತ್ತಿನಲ್ಲಿ ದೇವರನ್ನು ನೆನೆದೆ ಎಂದು ಬರೆಯಬೇಕು. ನಾನು ನೆನೆದದ್ದು ಭಾವನನ್ನು. ಸಾಯುತ್ತಿದ್ದೇನೆ ಎಂದು ಒಳಗೆ ಎಲ್ಲೋ ಗೊತ್ತಿತ್ತು. ಸತ್ತರೆ ಇವರು ನನ್ನ ಹೆಣದ ಮುಂದೆ ನಿಂತು “ಕುಣಿತಂಪಿಗೆ ಹೋತು ಪಾಪ” ಎಂದು ನಾಲ್ಕು ಮಂದಿಗೆ ಹೇಳುತ್ತಾರಲ್ಲ, ಹಿತ್ತಲು ಹಾಗೇ ಖಾಲಿ ಉಳಿಯುತ್ತದಲ್ಲ ಎಂಬ ಸಿಟ್ಟು ಸಾವಿಗಿಂತ ಮುಂದೆ ನಿಂತಿತ್ತು.

ತಲೆಯ ಹತ್ತಿರ ಸಣ್ಣ ಪೆಟ್ಟಿಗೆಗಳಿದ್ದವು. ದೊಡ್ಡ ಸಿರಿಂಜನ್ನು ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಒತ್ತುವ ಪೆಟ್ಟಿಗೆಗಳು. ಬಿದ್ದುಹೋದ ರಕ್ತದೊತ್ತಡವನ್ನು ಎತ್ತಿ ಹಿಡಿಯುವ ಔಷಧಿ ಅದರಲ್ಲಿ. ಮುಗಿಯಲು ಬಂದರೆ ಪೆಟ್ಟಿಗೆ ಕೂಗುತ್ತಿತ್ತು. ಸಿಸ್ಟರ್ ಹೊಸ ಸಿರಿಂಜನ್ನು ಮೊದಲೇ ತುಂಬಿಟ್ಟುಕೊಂಡು, ಹಳೆಯದು ತೆಗೆದು ಹೊಸದು ಹಾಕುವಾಗ ಉಸಿರು ಬಿಗಿಹಿಡಿಯುತ್ತಿದ್ದಳು. ಆ ನಡುವಿನ ರೆಪ್ಪೆ ಬಡಿಯುವಷ್ಟು ಹೊತ್ತೂ ನನ್ನ ಕೆಂಪು ಗೆರೆ ತಗ್ಗುತ್ತಿತ್ತು. ಹೋದವರು ಬಂದವರು ನನ್ನ ಉಗುರು ಒತ್ತಿ ಬಿಡುತ್ತಿದ್ದರು. ಒತ್ತಿದಾಗ ಬಿಳಿಚಿದ ಉಗುರಿಗೆ ಕೆಂಪು ಎಷ್ಟು ಬೇಗ ಮರಳುತ್ತದೆ ಎಂದು ನೋಡಲಿಕ್ಕೆ. ಮೊಣಕಾಲ ಮೇಲಿನ ನೀಲಿ ಮಚ್ಚೆ ಏರಿತೋ ಇಳಿಯಿತೋ ಎಂದು ಹೊದಿಕೆ ಸರಿಸಿ ನೋಡುತ್ತಿದ್ದರು. ಮತ್ತೆ ಮತ್ತೆ ರಕ್ತ ತೆಗೆಯುತ್ತಿದ್ದರು. ಬಲಗಡೆಯ ಮೂತ್ರಪಿಂಡದ ನಾಳದಲ್ಲಿ ಹರಳು ಸಿಕ್ಕು, ಹಿಂದೆ ಕೀವು ತುಂಬಿ, ಅಲ್ಲಿಂದ ನಂಜು ನೆತ್ತರಿಗೆ ಏರಿತ್ತಂತೆ. ಬೆನ್ನಿನಿಂದ ನಳಿಗೆ ಹಾಕಿ ಕೀವು ಹೊರತೆಗೆದರು.

ಆದರೆ ಎಲ್ಲಕ್ಕಿಂತ ಹೆಚ್ಚಾಗಿ ಅವರು ಕಣ್ಣಿಟ್ಟು ಕಾದದ್ದು ಮಂಚದ ಪಕ್ಕಕ್ಕೆ ತೂಗುಹಾಕಿದ್ದ ಚೀಲವನ್ನು. ಮೂತ್ರದ ಚೀಲ. ರಕ್ತದೊತ್ತಡ ಏರಿತು ಎಂದು ಪರದೆ ಹೇಳಿದರೆ ಸಾಲದು, ಒಳಗಿನ ಅಂಗಗಳಿಗೆ ರಕ್ತ ಮುಟ್ಟುತ್ತಿದೆ ಎಂಬುದಕ್ಕೆ ಚೀಲ ಸಾಕ್ಷಿ ಹೇಳಬೇಕು. ಚೀಲ ಒಣಗಿತ್ತು.

ಹೊರಗಿನ ಪಡಸಾಲೆಯ ಕತೆಯನ್ನು ಸಾವಿತ್ರಿ ನನಗೆ ಆಮೇಲೆ ಎಷ್ಟು ಸಲ ಹೇಳಿದ್ದಾಳೋ. ಎಷ್ಟು ಸಲ ಕೇಳಿದರೂ ನನಗೆ ಸಾಕೆನಿಸಿಲ್ಲ. ಅಲ್ಲಿ ಬಾಕಿನ ಮೇಲೆ, ಚಾಪೆಯ ಮೇಲೆ ಒಳಗಿದ್ದವರ ಮಂದಿ ಕೂತಿರುತ್ತಿದ್ದರು. ಸಿಸ್ಟರ್ ಬಾಗಿಲು ತೆರೆದು ಕರೆದರೆ ಎಲ್ಲರೂ ಒಟ್ಟಿಗೇ ಏಳುವರು. ಅಲ್ಲಿ ಯಾರೂ ಊಟವಾಯಿತೇ ಎಂದು ಕೇಳುವುದಿಲ್ಲ. “ನಿಮ್ಮವ್ರಿಗೆ ಮೂತ್ರ ಬಂತೇನ್ರಿ?” ಎಂದೇ ಕೇಳುವುದು. ಒಂದು ಸಂಜೆ ನಮ್ಮವರೂ ಅಣ್ಣನೂ ಔಷಧಿ ತರಲು ಹೋಗಿದ್ದಾಗ ಭಾವನವರೇ ಬಾಗಿಲಿಗೆ ಹೋಗಬೇಕಾಯಿತು.

“ಸಿಸ್ಟರ್, ನಮ್ಮ ಗಿರಿಜವ್ವಗ... ಅದು ಬಂತೇನ್ರಿ?”

“ಅದು ಅಂದ್ರ ಯಾವುದ್ರಿ?”

“ಅದರಿ... ನೀವ ಬೆಳಿಗ್ಗೆ ಅಂದಿದ್ದಿರಲ್ಲ.”

“ಬೆಳಿಗ್ಗಿಂದ ಭಾಳ ಅಂದೇನ್ರಿ ಅಜ್ಜಾರ. ಜ್ವರಾ? ಎಚ್ಚರಾ? ಬಾಯಿ ಬಿಟ್ಟು ಹೇಳ್ರಿ, ಒಳಗ ಕೆಲಸ ಅದ.”

ಭಾವನವರು ಹಿಂದೆ ತಿರುಗಿ ನೋಡಿದರು. ಪಡಸಾಲೆಯ ಮಂದಿಯೆಲ್ಲ ಅವರನ್ನೇ ನೋಡುತ್ತಿತ್ತು. ನವಲಗುಂದದ ಕಡೆಯ ಒಬ್ಬ ಮುದುಕಿ, ಅವಳ ಮಗ ನನ್ನ ಪಕ್ಕದ ಮಂಚದಲ್ಲಿದ್ದ, ಚಾಪೆಯಿಂದಲೇ ಕೂಗಿದಳು: “ಯಾಕ ನಾಚತೀಯೋ ಯಪ್ಪಾ? ಉಚ್ಚಿ ಬಂತೇನು ಅಂತ ಕೇಳಾಕತ್ತಾನ್ರವ್ವಾ ಈ ಹಿರ್ಯಾ!”

“ಹಂಗ ಹೇಳ್ರಿ ಮತ್ತ,” ಎಂದಳು ಸಿಸ್ಟರ್. “ಇನ್ನೂ ಬಂದಿಲ್ಲ. ದೇವರಿಗೆ ಬೇಡಿಕೋರಿ.”

ಮನೆಯ ದೇವರಿಗೆ ಏನೆಂದು ಬೇಡಿಕೊಳ್ಳಬೇಕಿತ್ತು ನೋಡಿ ಭಾವನವರು. ಬೇಡಿಕೊಂಡರೋ ಇಲ್ಲವೋ, ಮರುದಿನ ಚೀಲದಲ್ಲಿ ಒಂದಿಷ್ಟು ಕಂಡಿತು. ಕಪ್ಪು ಚಹಾದಂಥ ಬಣ್ಣ. ಸಿಸ್ಟರ್ ಬಾಗಿಲು ತೆರೆದು “ಗಿರಿಜವ್ವನ ಮಂದಿ, ಮೂತ್ರ ಬಂತು!” ಎಂದು ಕೂಗಿದಾಗ ಗುರುತಿಲ್ಲದವರೆಲ್ಲ ಕೈಮುಗಿದರಂತೆ. ಆ ಮುದುಕಿ ತನ್ನ ಗಂಟಿನಿಂದ ಸಕ್ಕರೆ ತೆಗೆದು ಎಲ್ಲರಿಗೂ ಚಿಟಿಕೆ ಚಿಟಿಕೆ ಹಂಚಿದಳು. ಭಾವನವರ ಅಂಗೈಗೂ ಇಟ್ಟಳು. ಅವರು ಅದನ್ನು ಬಾಯಿಗೆ ಹಾಕಿಕೊಂಡರು. ಸಾವಿತ್ರಿ ಇದನ್ನು ಕಣ್ಣಾರೆ ಕಂಡಿದ್ದಾಳೆ.

ಆ ಮುದುಕಿಯ ಮಗ ಉಳಿಯಲಿಲ್ಲ. ನನಗಾಗಿ ಸಕ್ಕರೆ ಹಂಚಿದವಳು ಚಾಪೆ ಸುತ್ತಿಕೊಂಡು ಹೋಗುವಾಗ ಸಾವಿತ್ರಿಯ ತಲೆ ಸವರಿ, “ನಿಮ್ಮವ್ವಗ ನೀರು ಕುಡಸ್ರವ್ವಾ,” ಎಂದಳಂತೆ. ಅವಳ ಹೆಸರೂ ನಾವು ಕೇಳಲಿಲ್ಲ.

ನನಗೆ ಸರಿಯಾಗಿ ಎಚ್ಚರವಾದ ಮೇಲೆ, ಗಂಟಲಿನ ನಳಿಗೆ ಇನ್ನೂ ಇದ್ದಾಗಲೇ, ಒಬ್ಬೊಬ್ಬರನ್ನಾಗಿ ಒಳಗೆ ಬಿಟ್ಟರು. ನಮ್ಮವರು ಬಂದು ನನ್ನ ಕಾಲು ಒತ್ತಿ ಹೋದರು. ಅಣ್ಣ ಬಂದ. ಆಮೇಲೆ ಭಾವನವರು ಬಂದರು. ಹಸಿರು ನಿಲುವಂಗಿ ತೊಡಿಸಿದ್ದರು, ತಲೆಗೆ ಟೊಪ್ಪಿಗೆ. ಕೈಯಲ್ಲಿ ಕಾಗದದ ಪೊಟ್ಟಣ, ಅದರಲ್ಲಿ ನಮ್ಮ ದೇವರ ಖೋಲಿಯ ಅಂಗಾರದ ಬೂದಿ. ನನ್ನ ಹಣೆಗೆ ಹಚ್ಚಲು ಬಾಗಿದರು.

ನಾನು ಮುಖ ತಿರುಗಿಸಿದೆ. ಕೈ ಕಟ್ಟಿತ್ತು, ಬಾಯಿ ಕಟ್ಟಿತ್ತು, ಮುಖವೊಂದು ನನ್ನ ಸ್ವಾಧೀನದಲ್ಲಿತ್ತು. ಅವರು ಈ ಕಡೆ ಬಂದರು. ನಾನು ಆ ಕಡೆ ತಿರುಗಿದೆ.

ಪರದೆಯ ಮೇಲಿನ ಅಂಕಿಗಳು ಏರತೊಡಗಿದವು. ಸಿಸ್ಟರ್ ಓಡಿ ಬಂದಳು. “ಯಾರ್ರಿ ನೀವು? ನೀವು ಬಂದ ಕೂಡ್ಲೆ ಬಿಪಿ ಏರ್ಯದಲ್ರಿ!” ಡಾಕ್ಟರ್‌ಬಾಯಿ ದೂರದ ಮೇಜಿನಿಂದ ಎದ್ದು ಬಂದು ಪರದೆ ನೋಡಿದರು, ನನ್ನನ್ನು ನೋಡಿದರು, ಪೊಟ್ಟಣ ಹಿಡಿದು ನಿಂತವರನ್ನು ನೋಡಿದರು. ಅವರಿಗೆ ಏನು ತಿಳಿಯಿತೋ. “ಅಡ್ಡಿ ಇಲ್ಲ,” ಎಂದರು, “ಇವರ್ನ ದಿನಾ ಒಮ್ಮೆ ಕರ್ಕೊಂಡ ಬರ್ರಿ. ಕತ್ತಿನ ಔಷಧಿ ಕಡಿಮಿ ಮಾಡೂಣು.”

ಸಿಸ್ಟರ್ ನಕ್ಕಳು. ನಳಿಗೆ ಇದ್ದುದರಿಂದ ನನಗೆ ನಗಲಾಗಲಿಲ್ಲ. ಭಾವನವರು ಪೊಟ್ಟಣ ಮಡಚಿಕೊಂಡು ಹೊರಗೆ ಹೋದರು.

ಬೆರಳುಗಳ ವಿಷಯ ನನಗೆ ತಿಳಿದದ್ದು ಕೈ ಬಿಚ್ಚಿದ ಮೇಲೆ. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳ ತುದಿ ಸುಟ್ಟ ಇದ್ದಿಲಿನಂತೆ ಕಪ್ಪಾಗಿದ್ದವು. ಡಾಕ್ಟರ್‌ಬಾಯಿ ಮಂಚದ ಮೇಲೇ ಕುಳಿತು ಹೇಳಿದರು. “ನಂಜು ಏರಿದಾಗ ಮೈಯಾಗಿನ ರಕ್ತ ಎಲ್ಲಾ ಕಡೆ ಸಾಲೂದಿಲ್ಲವ್ವ. ಹೃದಯ, ಮಿದುಳು ಮೊದಲು ಉಳೀಲಿ ಅಂತ ತುದಿಗೆ ಹೋಗೂದು ನಿಂತು ಬಿಡ್ತದ. ನಾವು ಕೊಟ್ಟ ಔಷಧಿನೂ ಹಂಗ ಮಾಡ್ತದ. ಅದನ್ನ ಕೊಡದ ಇದ್ರ ನೀವು ಇರ್ತಿರಲಿಲ್ಲ.” ಆಮೇಲೆ ಕೇಳಿದರು, “ನೀವು ಏನು ಕೆಲಸ ಮಾಡ್ತೀರಿ?”

ನಾನು ಹೇಳಿದೆ. ಅವರು ನನ್ನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡರು. ಎಳೆ ಕೆಚ್ಚುವುದು ಆ ಎರಡು ಬೆರಳಿನ ತುದಿಯಿಂದಲೇ. ಮುಂದೆ ಆ ತುದಿಗಳು ಒಣಗಿ ಹೋದವು. ನೋವಿಲ್ಲ. ಆದರೆ ನೂಲು ನನಗೆ ಸಿಗುವುದಿಲ್ಲ. ಈಗ ನನ್ನ ಹಾಸಿನ ಎಳೆಗಳನ್ನು ಗೌರಕ್ಕ ಕೆಚ್ಚಿಕೊಡುತ್ತಾಳೆ.

“ನೀರು ಕುಡೀಲಾರದ, ತಡದು ತಡದು ಹಿಂಗ ಆಗ್ಯದ,” ಎಂದರು ಡಾಕ್ಟರ್‌ಬಾಯಿ ಮನೆಗೆ ಕಳಿಸುವ ದಿನ. “ಇನ್ನು ಮ್ಯಾಲೆ ಕೊಡಗಟ್ಟಲೆ ಕುಡೀಬೇಕು. ಬಂದಾಗೆಲ್ಲ ಹೋಗಬೇಕು. ಮತ್ತೊಮ್ಮೆ ಹಿಂಗಾದ್ರ ನನ್ನ ಕೈಯಾಗ ಇಲ್ಲ.”

“ಎಲ್ಲಿಗೆ ಹೋಗಬೇಕ್ರಿ?” ಎಂದು ನಾನು ಕೇಳಿದೆ. ಅವರು ನಮ್ಮವರ ಮುಖ ನೋಡಿದರು. ನಮ್ಮವರು ತಮ್ಮ ಅಣ್ಣನ ಮುಖ ನೋಡಿದರು. ಭಾವನವರು ಬ್ಯಾಗಿನ ಚೈನು ಹಾಕುತ್ತಿದ್ದರು.

ನಾನು ಗಜೇಂದ್ರಗಡಕ್ಕೆ ಹೋಗಲಿಲ್ಲ. ನರಗುಂದದಲ್ಲಿ ಇಳಿದುಬಿಟ್ಟೆ. ಅಣ್ಣನ ಮನೆಯಲ್ಲಿ ಅವನ ಹೆಂಡತಿ, ನಮ್ಮ ವೈನಿ, ನನ್ನನ್ನು ಬಾಣಂತಿಯಂತೆ ನೋಡಿಕೊಂಡಳು. ಗೋಡೆ ಹಿಡಿದು ನಡೆಯುವುದನ್ನು ಮತ್ತೆ ಕಲಿತೆ. ಕೂದಲು ಹಿಡಿಹಿಡಿಯಾಗಿ ಉದುರಿತು. ಮಿಕ್ಸರ್ ಕೂಗಿದರೆ ಸಿರಿಂಜಿನ ಪೆಟ್ಟಿಗೆ ಕೂಗಿತೆಂದು ಬೆಚ್ಚುತ್ತಿದ್ದೆ. ಐಸಿಯುನಿಂದ ಬಂದವರಿಗೆ ಇದೆಲ್ಲ ಆಗುತ್ತದೆ, ನಿಮಗೂ ಆಗುತ್ತಿದ್ದರೆ ತಲೆ ಕೆಟ್ಟಿದೆ ಎಂದು ಅಂಜಬೇಡಿ, ಮೆಲ್ಲಗೆ ಕಡಿಮೆಯಾಗುತ್ತದೆ. ನಾನು ದಿನವೆಲ್ಲ ತಂಬಿಗೆ ಪಕ್ಕದಲ್ಲಿಟ್ಟುಕೊಂಡು ನೀರು ಕುಡಿದೆ, ಬಂದಾಗಲೆಲ್ಲ ಎದ್ದು ಹೋದೆ. ನಡು ಮಧ್ಯಾಹ್ನ, ಸೂರ್ಯ ನೆತ್ತಿಯ ಮೇಲಿರುವಾಗ, ಬಾಗಿಲು ಹಾಕಿಕೊಂಡು ಕೂರುವ ಸುಖವನ್ನು ಬರೆದು ತಿಳಿಸಲಾರೆ.

ನಮ್ಮವರು ಬಂದು ಬಂದು ಕರೆದರು. “ಬಾ, ಆಮ್ಯಾಲೆ ನೋಡೂಣು,” ಎಂದರು. “ನೋಡೂದು ಭಾಳ ಆತ್ರಿ,” ಎಂದೆ. ಕಡೆಗೆ ಒಂದು ದಿನ ಭಾವನವರೇ ಬಂದರು, ಗೌರಕ್ಕನನ್ನು ಕರೆದುಕೊಂಡು. ವೈನಿ ಚಹಾ ಕೊಟ್ಟಳು. ಭಾವನವರು ಗೋಡೆಗೆ ಮಾತಾಡಿದರು.

“ಮಗ್ಗ ಖಾಲಿ ಕುಂತಾವ. ಓಣ್ಯಾಗ ಮಂದಿ ಮಾತಾಡ್ತಾರ. ಮನಿತನದ ಮರ್ಯಾದಿ ಅನ್ನೂದೊಂದು ಐತಿ. ಬರಬೇಕು.”

ನಾನು ಬಾಗಿಲ ಮರೆಯಿಂದ ಹೊರಗೆ ಬಂದು ಅವರ ಎದುರಿನ ಕುರ್ಚಿಯಲ್ಲಿ ಕುಳಿತೆ. ಮದುವೆಯಾಗಿ ಬಂದ ಮೇಲೆ ಮೊದಲ ಸಲ ಅವರ ಮುಖ ನೋಡಿ ಮಾತಾಡಿದೆ.

“ಬರ್ತೇನ್ರಿ. ಹಿತ್ತಲದಾಗ ಕಕ್ಕಸ ಆಗಬೇಕು.”

“ಆತು, ಆ ಮೂಲ್ಯಾಗ ಎಲ್ಲ್ಯರ ಒಂದು...”

“ಮೂಲ್ಯಾಗ ಅಲ್ರಿ. ದೇವರ ಗ್ವಾಡಿಗೆ ಹತ್ತಿ ಆಗಬೇಕು. ಕುಣಿ ನೀವ ತೋಡಬೇಕು.”

ಅಣ್ಣ “ಗಿರಿಜಾ!” ಎಂದ. ನಾನು ನಿಲ್ಲಿಸಲಿಲ್ಲ. ನಮ್ಮಲ್ಲಿ ಹೊಸ ಮಗ್ಗದ ಕುಣಿಯನ್ನು ಮನೆಯ ಹಿರಿಯನೇ ತೋಡುತ್ತಾನೆ. ಸ್ನಾನ ಮಾಡಿ, ನೆಲಕ್ಕೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು ಗುದ್ದಲಿ ಹಾಕುತ್ತಾನೆ. ಅನ್ನ ಕೊಡುವ ಕುಣಿ ಎಂದು ಅದಕ್ಕೆ ಆ ಮರ್ಯಾದೆ.

“ಮಗ್ಗದ ಕುಣಿಗೆ ಏನೇನು ಮಾಡ್ತೀರಿ, ಇದಕ್ಕೂ ಎಲ್ಲಾ ಮಾಡಬೇಕು,” ಎಂದೆ. “ಜಳಕಾ ಮಾಡಿ, ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡದು. ಓಣಿ ಮಂದಿ ಎದುರಿಗೆ. ಗೌಂಡಿ ಕರೀಬಾರ್ದು, ಆಳು ಕರೀಬಾರ್ದು. ಆ ಕುಣಿ ಅನ್ನಾ ಕೊಡ್ತೈತಿ, ಖರೇ. ಈ ಕುಣಿ ಇಲ್ದಿದ್ರ ಅನ್ನಾ ಉಣ್ಣಾಕ ನಾನ ಇರೂದಿಲ್ಲ.”

ಭಾವನವರು ಬಸಿಯನ್ನು ಕುಕ್ಕಿ ಇಟ್ಟರು. ಚಹಾ ನೆಲಕ್ಕೆ ಚೆಲ್ಲಿತು. “ಹೆಂಗಸು ಇಷ್ಟ ಬಾಯಿ ಮಾಡಬಾರ್ದು,” ಎಂದು ಎದ್ದರು. ಚಪ್ಪಲಿ ಮೆಟ್ಟಿಕೊಂಡರು. “ಗೌರೀ, ಏಳು.”

ಗೌರಕ್ಕ ಏಳಲಿಲ್ಲ. ಚಹಾದ ಕಪ್ಪನ್ನು ನಿಧಾನಕ್ಕೆ ಮುಗಿಸಿ ಕೆಳಗಿಟ್ಟಳು. “ನೀವು ಹೋಗ್ರಿ. ನಾ ಇಕೀ ಕೂಡನ ಬರ್ತೇನಿ.”

“ಏನಂದಿ?”

“ಕೇಳಿಸಿತಲ್ಲ. ನಿಮ್ಮವ್ವ ಬಯಲಿಗೆ ಹೋಗ್ತಿದ್ಲು ಅಂತ ಅಂತೀರಿ. ಮಳಿಗಾಲದಾಗ ಆಕೀನ ಕೈ ಹಿಡದು ಕರ್ಕೊಂಡು ಹೋಗ್ತಿದ್ದಾಕಿ ನಾನು. ಕೆಸರಾಗ ಬಿದ್ದು ಟೊಂಕ ಮುರಕೊಂಡಾಗ ಎತ್ತಿದಾಕಿನೂ ನಾನು. ನೀವು ಎತ್ತಲಿಲ್ಲ.” ನನ್ನ ಕಡೆ ತಿರುಗಿ, “ತಂಗೀ, ಹಟ ಬಿಡಬ್ಯಾಡ. ನಿನ್ನ ಹಟದಾಗ ನನ್ನ ಪಾಲೂ ಐತಿ,” ಎಂದಳು.

ಭಾವನವರು ಒಬ್ಬರೇ ಬಸ್ ಹತ್ತಿದರು. ಆಮೇಲಿನ ದಿನಗಳಲ್ಲಿ ಗಜೇಂದ್ರಗಡದ ಆ ಮನೆಯಲ್ಲಿ ಅಣ್ಣತಮ್ಮಂದಿರಿಬ್ಬರೇ. ಹಸೀನಾಬಿ ಕಳಿಸಿದ ಸುದ್ದಿಯ ಪ್ರಕಾರ ರೊಟ್ಟಿ ಬಡಿಯಲು ಹೋಗಿ ಹಂಚು ಒಡೆದಿದ್ದರು. ಸಾವಿತ್ರಿಯೂ ನರಗುಂದಕ್ಕೆ ಬಂದು ಕುಳಿತಳು. ನಾವು ಮೂವರೂ ಮಧ್ಯಾಹ್ನ ಶೇಂಗಾ ಸುಲಿಯುತ್ತಾ, ನೀರು ಕುಡಿಯುತ್ತಾ ಕಾದೆವು. ಗೌರಕ್ಕನಿಗೆ ಒಳಗೊಳಗೆ ಅಂಜಿಕೆಯಿತ್ತು. ನನಗಿರಲಿಲ್ಲ. ಸಿರಿಂಜು ಬದಲಿಸುವಾಗಿನ ಆ ರೆಪ್ಪೆ ಬಡಿತವನ್ನು ದಾಟಿ ಬಂದವಳಿಗೆ ಭಾವನ ಮೌನ ಎಷ್ಟರದು?

ಅವರು ಒಪ್ಪಿದರು. ಒಪ್ಪಿದೆ ಎಂದು ತಾವೇ ಹೇಳಲಿಲ್ಲ, ನಮ್ಮವರ ಬಾಯಿಂದ ಹೇಳಿಸಿದರು.

ನಾವು ಊರಿಗೆ ಹೋದ ಮರುದಿನ ಭಾವನವರು ಸ್ನಾನ ಮಾಡಿ ಹಿತ್ತಲಿಗೆ ಬಂದರು. ಓಣಿಯ ಹೆಂಗಸರು ಗೋಡೆಗುಂಟ ನಿಂತಿದ್ದರು. ಹಸೀನಾಬಿ ನನಗೊಂದು ಕುರ್ಚಿ ತಂದು ಹಾಕಿದಳು. ದೇವರ ಖೋಲಿಯ ಗೋಡೆಗೆ ಹತ್ತಿಕೊಂಡಂತೆ ನೆಲಕ್ಕೆ ಅರಿಶಿನ ಹಚ್ಚಿದರು, ಕುಂಕುಮ ಹಚ್ಚಿದರು, ಕಾಯಿ ಒಡೆದರು. ಕೈಮುಗಿಯುವಾಗ ಒಂದು ಗಳಿಗೆ ತಡೆದರು. ನಾನು ನೋಡುತ್ತಲೇ ಇದ್ದೆ. ಮುಗಿದರು.

ನಮ್ಮ ಹಿತ್ತಲು ಗರಸು ನೆಲ. ಗುದ್ದಲಿ ಬಿದ್ದರೆ ಕಿಡಿ ಹಾರುತ್ತದೆ. ಮೊಣಕಾಲುದ್ದ ತೋಡುವ ಹೊತ್ತಿಗೆ ಅವರ ಅಂಗಿ ಮೈಗೆ ಅಂಟಿತ್ತು. ನಮ್ಮವರು ತಡೆಯಲಾರದೆ ಗುದ್ದಲಿಗೆ ಕೈ ಚಾಚಿದರು.

“ನೀವು ಸುಮ್ಕ ಕುಂದರ್ರಿ,” ಎಂದೆ.

ತೊಡೆಯುದ್ದವಾದಾಗ ಭಾವನವರು ಗುದ್ದಲಿ ಊರಿ ನಿಂತು ನನ್ನತ್ತ ನೋಡಿದರು. ಸಾಕೇ ಎಂದು ಕೇಳುವ ನೋಟ.

“ಮಗ್ಗದ ಕುಣಿ ಅಷ್ಟ ಇರ್ತೈತ್ರಿ,” ಎಂದೆ. “ಇದು ಇನ್ನೂ ಆಳ ಬೇಕು.”

ಹೆಂಗಸರಲ್ಲಿ ಯಾರೋ “ವಯಸ್ಸಾದವ್ರು, ಬಿಡವಾ” ಎಂದರು. ಹಸೀನಾಬಿ ತಿರುಗಿ, “ನೀ ಬಿಡು, ಆಕೀಗೆ ಯಾಕ ಹೇಳ್ತಿ? ನೀ ಬೇಕಂದ್ರ ಬಯಲಿಗೆ ಹೋಗು,” ಎಂದಳು. ನಕ್ಕರು ಎಲ್ಲರೂ. ಕುಣಿಯೊಳಗಿದ್ದವರೊಬ್ಬರು ಬಿಟ್ಟು.

ಎದೆಯುದ್ದ ತೋಡಿಸಿದೆ. ಆಮೇಲೆ ಸಾಕು ಎಂದೆ. ಮೇಲೆ ಬರಲು ಅವರು ಕೈ ಚಾಚಿದಾಗ ಗೌರಕ್ಕ ಹಿಡಿದೆಳೆದಳು. ಅಂಗೈ ತುಂಬ ಬೊಕ್ಕೆ ಎದ್ದು ಒಡೆದಿದ್ದವು.

ಸೇಡು ತೀರಿಸಿಕೊಂಡರೆ ಮನಸ್ಸು ಬರಿದಾಗುತ್ತದೆ ಎಂದು ಪುರಾಣ ಹೇಳುವವರ ಬಾಯಲ್ಲಿ ಕೇಳಿದ್ದೇನೆ. ನನಗೆ ಹಾಗಾಗಲಿಲ್ಲ. ಕ್ಷಮಿಸಿದೆಯಾ ಎಂದು ಅಣ್ಣ ಈಗಲೂ ಕೇಳುತ್ತಾನೆ. ಇಲ್ಲ. ಈ ಎರಡು ಬೆರಳು ಮತ್ತೆ ಬೆಳೆದರೆ ಆಗ ನೋಡೋಣ.

ಮಗ್ಗದ ಕುಣಿ ತೋಡಿದ ದಿನ ಮಾಡುವಂತೆ ಗೌರಕ್ಕ ಅವತ್ತು ಗೋಧಿಹುಗ್ಗಿ ಮಾಡಿದ್ದಳು. ಜೊತೆಗೆ ಬದನೆಕಾಯಿ ಪಲ್ಲೆ, ಬಿಸಿ ರೊಟ್ಟಿ, ಅನ್ನ, ಕಟ್ಟಿನ ಸಾರು. ಹಸೀನಾಬಿಯ ಮನೆಗೂ ಒಂದು ಪಾತ್ರೆ ಹುಗ್ಗಿ ಕಳಿಸಿದೆವು. ಭಾವನವರಿಗೆ ರೊಟ್ಟಿ ಮುರಿಯಲು ಬರಲಿಲ್ಲ. ಹುಗ್ಗಿಯನ್ನು ಚಮಚದಿಂದ ಉಂಡರು. ನಾನು ಎರಡು ಸಲ ಹಾಕಿಸಿಕೊಂಡು ಉಂಡೆ, ಮೇಲೆ ತುಪ್ಪ ಸುರಿದುಕೊಂಡು. ಪಾತ್ರೆ ತಿಕ್ಕಲಿಲ್ಲ, ಒಲೆ ಸಾರಿಸಲಿಲ್ಲ. ಭಾವನವರು ಪಡಸಾಲೆಯಲ್ಲಿ ಅಂಗೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಾ ಇನ್ನೂ ಕುಳಿತೇ ಇದ್ದರು. ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಮೊದಲ ಸಲ, ಎಲ್ಲರಿಗಿಂತ ಮೊದಲು ಮಲಗಿದವಳು ನಾನು.